ಫ್ರೆಂಚ್ ಮಾತಾಡುವ ನೆಂಟರಿಗೆ ನಮ್ಮೂರು ತೋರಿಸುವುದು ಹೇಗೆ

ದೀಪಾವಳಿ ಮುಗಿದು ಚಳಿ ಬೀಳೋ ಹೊತ್ತಿಗೆ ಗೋಕರ್ಣದ ಕುಡ್ಲೆ, ಓಂ ಬೀಚ್ ಕಡೆ ಫ್ರೆಂಚ್ ಕೇಳಿಸೋಕೆ ಶುರುವಾಗುತ್ತದೆ. ನಮ್ಮನೆ ಕುಮಟಾ. ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ಫ್ರೆಂಚ್ ಕಲಿತು ಈಗ ಊರಲ್ಲೇ ಇರುವುದರಿಂದ, ಯಾರ ಮನೆಗೆ ಮಗನ ಆಫೀಸಿನ ಫ್ರೆಂಚ್ ಸ್ನೇಹಿತ ಬಂದರೂ, ಯಾರ ಸೊಸೆ ಕೆನಡಾದಿಂದ ಗೆಳತಿಯನ್ನು ಕರೆದುಕೊಂಡು ಬಂದರೂ ನನಗೊಂದು ಫೋನ್ ಬರುತ್ತದೆ. "ಏನು ತೋರಿಸೋದು ಮಾರಾಯ ಇವರಿಗೆ?" ಪ್ರತಿ ಸಲ ಅದೇ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಸಾಮಾನ್ಯವಾಗಿ ನಾವು ಮಾಡುವುದೇನು? ಮುರ್ಡೇಶ್ವರ, ಯಾಣ, ಮಿರ್ಜಾನ ಕೋಟೆ ಎಲ್ಲ ಒಂದೇ ದಿನಕ್ಕೆ ತುರುಕಿ ಕಾರಲ್ಲಿ ಓಡಿಸುವುದು. ಅವರು ಎಲ್ಲದಕ್ಕೂ "ತ್ರೆ ಬೋ" ಅನ್ನುತ್ತಾರೆ, ತುಂಬಾ ಚೆಂದ ಅಂತ, ಆಮೇಲೆ ಹಿಂದಿನ ಸೀಟಲ್ಲಿ ನಿದ್ದೆ ಹೊಡೆಯುತ್ತಾರೆ. ದೊಡ್ಡ ದೇವಸ್ಥಾನ, ದೊಡ್ಡ ಬಂಡೆ ಅವರು ಬೇರೆ ಕಡೆಯೂ ನೋಡಿರುತ್ತಾರೆ. ನಮ್ಮ ಊರಿನ ಬಗ್ಗೆ ಬಡಾಯಿ ಕೊಚ್ಚುವುದೇ ಆದರೆ ಅವರ ಊರಲ್ಲೂ ಇರುವ ವಸ್ತು ಹಿಡಿದು ಕೊಚ್ಚಬೇಕು. ಅವರು ಬಾಯಿ ಬಿಡುವುದು ಆಗಲೇ.

ಹಾಗಾಗಿ ಮೊದಲ ಕೆಲಸ, ಅವರ ಊರು ಯಾವುದು ಅಂತ ಕೇಳುವುದು. ದೇಶ ಅಲ್ಲ, ಊರು. ಊರಿನ ಹುಚ್ಚು ಫ್ರೆಂಚರಿಗೆ ನಮಗಿಂತ ಕಮ್ಮಿ ಏನಿಲ್ಲ. ಸಮುದ್ರದ ನಡುವೆ ಗುಡ್ಡದ ಮೇಲಿರುವ ಮೋಂ ಸೇಂ ಮಿಶೆಲ್ ಮಠ ನಕ್ಷೆಯಲ್ಲಿ ಇರುವುದು ನಾರ್ಮಂಡಿಯಲ್ಲಿ, ಆದರೆ ಪಕ್ಕದ ಬ್ರಿಟನಿಯವರ (ಅದೂ ಫ್ರಾನ್ಸಿನದೇ ಪ್ರಾಂತ್ಯ) ಹತ್ತಿರ ಹಾಗಂದು ನೋಡಿ, ಒಂದು ಗಂಟೆ ಜಗಳಕ್ಕೆ ಸಾಮಾನು ಸಿಗುತ್ತದೆ. ಫ್ರೆಂಚ್ ಮಾತಾಡುವವರೆಲ್ಲ ಫ್ರಾನ್ಸಿನವರು ಅಂತಲೂ ಅಂದುಕೊಳ್ಳಬೇಡಿ. ಬೆಲ್ಜಿಯಂ, ಸ್ವಿಟ್ಜರ್ಲೆಂಡ್, ಕೆನಡಾದ ಕ್ವಿಬೆಕ್, ಸೆನೆಗಲ್, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ, ಎಲ್ಲಿಂದಲೂ ಬರುತ್ತಾರೆ. ಪ್ಯಾರಿಸ್ ಬಗ್ಗೆ ಕೇಳಿದರೆ ಕ್ವಿಬೆಕ್‌ನವರ ಮುಖ ಗಂಟಾಗುತ್ತದೆ.

ಮಾತು ಹೆಚ್ಚು ಬೇಡ. ಬೆಳಿಗ್ಗೆ ಕಂಡ ಕೂಡಲೇ "ಬೋಂಜೂರ್" ಅನ್ನಿ, ಆಮೇಲೆ ಚಹಾ ಬೇಕಾ ಕೇಳಿ. ನಾವು ಸೀದಾ ವಿಷಯಕ್ಕೆ ಬರುತ್ತೇವೆ, ಅವರಿಗೆ ಅದು ಒರಟು. ಅಂಗಡಿಯವರಿಗೂ ಮೊದಲು ಬೋಂಜೂರ್ ಅನ್ನುವ ಜನ ಅವರು. ಊಟದ ಹೊತ್ತು ಹೇಳುವಾಗ ಮಾತ್ರ ಗಡಿಯಾರದ ಗಂಟೆಯಲ್ಲೇ ಹೇಳಿ. ಫ್ರಾನ್ಸಿನವರಿಗೆ "ದಿನೆ" ಅಂದರೆ ರಾತ್ರಿ ಊಟ, ಕ್ವಿಬೆಕ್ ಮತ್ತು ಬೆಲ್ಜಿಯಂನವರಿಗೆ ಅದೇ ಮಾತು ಮಧ್ಯಾಹ್ನದ್ದು. ನೀವು ಮಧ್ಯಾಹ್ನ ಒಂದಕ್ಕೆ ಬಾಳೆ ಹಾಕಿಕೊಂಡು ಕಾಯುತ್ತಿದ್ದರೆ ಅವರು ಇನ್ನೂ ಬೀಚಲ್ಲೇ ಇರುತ್ತಾರೆ.

ಈಗ ಅಸಲು ವಿಷಯ, ಉಪ್ಪು. ನಿಮ್ಮ ನೆಂಟರು ಫೆಬ್ರವರಿಯಿಂದ ಮೇ ನಡುವೆ ಬಂದಿದ್ದರೆ ಮೊದಲು ಸಾಣಿಕಟ್ಟೆಗೆ ಕರೆದುಕೊಂಡು ಹೋಗಿ. ಗೋಕರ್ಣಕ್ಕೆ ಹೋಗುವ ದಾರಿಯಲ್ಲೇ ಇದೆ, ನಾವೆಲ್ಲ ಬಸ್ಸಿನ ಕಿಟಕಿಯಿಂದ ನೋಡಿ ಸುಮ್ನೆ ದಾಟಿ ಹೋಗುವ ಜಾಗ. ಬೆಳಿಗ್ಗೆ ಏಳೂವರೆಯೊಳಗೆ ಹೋಗಿ, ಒಂಬತ್ತರ ಮೇಲೆ ಬಿಸಿಲು ತಡೆಯೋದಿಲ್ಲ. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಗದ್ದೆಯಿಂದ ಇನ್ನೊಂದಕ್ಕೆ ಹರಿಸುತ್ತಾ, ಗಟ್ಟಿಯಾಗುತ್ತಾ ಹೋದ ಹಾಗೆ ಕೊನೆಯ ಸಣ್ಣ ಪಾತಿಗೆ ತರುತ್ತಾರೆ. ಅಲ್ಲಿ ಉದ್ದ ಕೋಲಿಗೆ ಹಲಗೆ ಕಟ್ಟಿದ ಸಾಧನದಿಂದ ಉಪ್ಪನ್ನು ಮೆಲ್ಲಗೆ ಅಂಚಿಗೆ ಎಳೆಯುತ್ತಾರೆ. ಮೆಲ್ಲಗೆ ಯಾಕೆಂದರೆ ಕೆಳಗಿನ ಮಣ್ಣು ಎದ್ದರೆ ಉಪ್ಪು ಕಂದಾಗುತ್ತದೆ. ನೀರಿಗೆ ಹತ್ತಿರ ಕೂತು ನೋಡಿದರೆ ಎಳೆದ ಜಾಗದಲ್ಲಿ ಒಂದು ಕ್ಷಣ ಮಸುಕಾಗಿ ಮತ್ತೆ ತಿಳಿಯಾಗುವುದು ಕಾಣುತ್ತದೆ. ಅಂಚಲ್ಲಿ ರಾಶಿ, ರಾಶಿಯ ಬುಡದಲ್ಲಿ ನೀರು ಬಸಿಯುತ್ತಿರುತ್ತದೆ.

ಇದನ್ನು ನೋಡಿದ ಫ್ರೆಂಚರು ಸುಮ್ಮನಿರುವುದೇ ಇಲ್ಲ. ಫ್ರಾನ್ಸಿನ ಪಶ್ಚಿಮ ಕರಾವಳಿಯಲ್ಲಿ ಗೆರಾಂಡ್ ಅಂತ ಊರಿದೆ, ಅಲ್ಲೂ ಮಣ್ಣಿನ ಪಾತಿ, ಭರತದ ನೀರು, ಕೋಲಿನ ಹಲಗೆ, ಬಹುತೇಕ ಇದೇ ಕೆಲಸ. ನೀರಿನ ಮೇಲೆ ಕಟ್ಟುವ ತೆಳು ಕೆನೆಯಂಥ ಉಪ್ಪನ್ನು ಅಲ್ಲಿ ಬೇರೆಯಾಗಿ ಎತ್ತಿ "ಫ್ಲರ್ ದ ಸೆಲ್" ಅಂತ ದುಬಾರಿ ಬೆಲೆಗೆ ಮಾರುತ್ತಾರೆ. ನಮ್ಮ ಉಪ್ಪು ಇನ್ನೂ ಕಿಲೋ ಲೆಕ್ಕದಲ್ಲಿ ಅಗ್ಗಕ್ಕೆ ಹೋಗುತ್ತಿದೆ, ಅದನ್ನು ಕೇಳಿ ಅವರೇ ಹೊಟ್ಟೆ ಉರಿಸಿಕೊಳ್ಳುತ್ತಾರೆ. ಅಲ್ಲಿಯ ಕೊಯ್ಲು ಜೂನ್‌ನಿಂದ ಸೆಪ್ಟೆಂಬರ್, ಅಂದರೆ ನಮ್ಮಲ್ಲಿ ಮಳೆ ಹೊಡೆಯುತ್ತಿರುವಾಗ ಅವರದ್ದು ಶುರು.

ಇಲ್ಲೇ ನಿಂತು ಅಂಕೋಲೆಯ ಕಥೆ ಹೇಳಿ. 1930ರಲ್ಲಿ ಉಪ್ಪಿನ ಕಾನೂನು ಮುರಿದ ಊರು, ಕರ್ನಾಟಕದ ಬಾರ್ಡೋಲಿ ಅಂತ ಹೆಸರು ಪಡೆದ ಊರು. ಸ್ವಾತಂತ್ರ್ಯ ಹೋರಾಟ, ಗಾಂಧೀಜಿ ಅಂತ ಉದ್ದಕ್ಕೆ ವಿವರಿಸುವುದು ಬೇಡ, "ಗಾಬೆಲ್" ಅಂದರೆ ಸಾಕು. ರಾಜರ ಕಾಲದಲ್ಲಿ ಅಲ್ಲಿದ್ದ ಉಪ್ಪಿನ ತೆರಿಗೆ ಅದು, 1789ರ ಕ್ರಾಂತಿಗೆ ಮುಂಚೆ ಜನ ಹಲ್ಲು ಕಡಿಯುತ್ತಿದ್ದ ತೆರಿಗೆ. ಶಾಲೆಯಲ್ಲಿ ಓದಿರುತ್ತಾರೆ. ಅಂಕೋಲೆಯ ಜನ ಯಾಕೆ ಉಪ್ಪಿಗಾಗಿ ಜೈಲಿಗೆ ಹೋದರು ಅನ್ನುವುದು ಅವರಿಗೆ ಆಗ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ದಿನ ವಾಪಸ್ ಬರುವಾಗ ಹೆದ್ದಾರಿ ಬದಿ ಈರುಳ್ಳಿ ಕಂಡರೆ ಗಾಡಿ ನಿಲ್ಲಿಸಿ. ಬೇಸಿಗೆಯಲ್ಲಿ ಕುಮಟಾದ ಆಚೀಚೆ ಅಳ್ವೆಕೋಡಿ, ಹಂದಿಗೋಣ ಕಡೆಯ ಸಿಹಿ ಈರುಳ್ಳಿಯನ್ನು ಜುಟ್ಟು ಸಮೇತ ಹೆಣೆದು ಸಾಲಾಗಿ ನೇತು ಹಾಕಿರುತ್ತಾರೆ, ಅಲ್ವಾ. ಬ್ರಿಟನಿಯ ರೊಸ್ಕಾಫ್ ಅನ್ನುವ ಬಂದರಿನ ಗುಲಾಬಿ ಈರುಳ್ಳಿಯನ್ನೂ ಹೀಗೇ ಹೆಣೆಯುತ್ತಾರೆ. ಅದನ್ನು ಹೊತ್ತು ಅಲ್ಲಿಯ ರೈತರು 1828ರಿಂದ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗಿ ಮನೆ ಮನೆ ಮಾರುತ್ತಿದ್ದರು, ಆಮೇಲಾಮೇಲೆ ಸೈಕಲ್ ಹ್ಯಾಂಡಲಿಗೆ ನೇತು ಹಾಕಿಕೊಂಡು. ಒಂದು ಗೊಂಚಲು ಕೊಡಿಸಿ, ಕೈಲಿ ಹಿಡಿದು ಫೋಟೋ ತೆಗೆಸಿಕೊಂಡು ಅಮ್ಮನಿಗೆ ಕಳಿಸದೇ ಇದ್ದರೆ ಕೇಳಿ. ಚೌಕಾಸಿ ನೀವೇ ಮಾಡಿ, ಅವರನ್ನು ಕಂಡರೆ ರೇಟು ಏರುತ್ತದೆ.

ಬಳಚು, ಅಂದರೆ ಅಳಿವೆಯ ಚಿಪ್ಪುಮೀನಿನ ವಿಷಯದಲ್ಲಿ ಸ್ವಲ್ಪ ಹುಷಾರು. ಕಾರವಾರದವರು ತಿಸ್ರೆ ಅನ್ನುವುದು ಇದನ್ನೇ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಲ್ಲಿ ನಿಂತು ಆರಿಸುವವರನ್ನು ತೋರಿಸಿ. ತದಡಿಯಿಂದ ಅಘನಾಶಿನಿ ಊರಿಗೆ ದಾಟುವ ದೋಣಿಯಲ್ಲಿ ಕೂತರೂ ಕಾಣುತ್ತದೆ, ದೋಣಿಯ ಆ ಚಿಕ್ಕ ಪಯಣ ಯಾವ ಬೋಟಿಂಗ್ ಪ್ಯಾಕೇಜಿಗಿಂತ ಅಡ್ಡಿಲ್ಲ. ಆದರೆ ಫ್ರೆಂಚರು ಸಮುದ್ರದ ಚಿಪ್ಪನ್ನು ಹಸಿಯಾಗೇ ನಿಂಬೆ ಹಿಂಡಿ ನುಂಗುವ ಜನ. ಇಲ್ಲಿ ಅದು ಬೇಡವೇ ಬೇಡ ಅನ್ನಿ. ಕಾಯಿತುರಿ ಹಾಕಿ ಸುಕ್ಕಾ ಮಾಡಿಕೊಡಿ. ಖಾರ ಅರ್ಧಕ್ಕೆ ಇಳಿಸಿ, ಪಕ್ಕದಲ್ಲಿ ಮುರುಗಲ ಶರಬತ್ತು ಇಡಿ. ಸಸ್ಯಾಹಾರಿ ಮನೆಯಾದರೆ ಅಪ್ಪೆಹುಳಿ ಕುಡಿಸಿ, ಆದರೆ ಅದನ್ನು ಕುಡಿದ ಮೇಲೆ ತಿರುಗಾಟ ಇಟ್ಟುಕೊಳ್ಳಬೇಡಿ, ನಿದ್ದೆ ಗ್ಯಾರಂಟಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಬಂದವರಿಗೆ ತಾಜಾ ಮೀನಿನ ಆಸೆ ತೋರಿಸಬೇಡಿ. ಅವರಿಗೆ ಬೇಜಾರೂ ಆಗುವುದಿಲ್ಲ, ಮೇಯಿಂದ ಆಗಸ್ಟ್‌ವರೆಗೆ ಸಿಂಪಿ ತಿನ್ನಬಾರದು ಅನ್ನುವ ಹಳೇ ರೂಢಿ ಅವರಲ್ಲೂ ಇದೆ.

ಘಟ್ಟದ ಮೇಲೆ ಹೋಗುವುದಾದರೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ. ತಿರುವು ಜಾಸ್ತಿ, ಖಾಲಿ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಆಲೆಮನೆ ಸಮಯವಾದರೆ ತೊಡೆದೇವು ಅನ್ನುವ ಸಿಹಿತಿಂಡಿ ಮಾಡುವ ಮನೆ ಹುಡುಕಿ. ಬ್ರಿಟನಿಯವರಿಗೆ ದೋಸೆ ತೋರಿಸಿದರೆ "ನಮ್ಮ ಕ್ರೆಪ್ ಇನ್ನೂ ತೆಳು" ಅನ್ನುತ್ತಾರೆ. ಅನ್ನಲಿ ಬಿಡಿ. ಆಮೇಲೆ ಕವುಚಿ ಹಾಕಿದ ಮಡಕೆಯ ಮೇಲೆ ಕಬ್ಬಿನ ಹಾಲಿನ ಹಿಟ್ಟಲ್ಲಿ ಅದ್ದಿದ ಬಟ್ಟೆಯನ್ನು ಒಂದೇ ಸಲ ಎಳೆದು, ಕಾಗದದಷ್ಟು ತೆಳ್ಳಗೆ ಎಬ್ಬಿಸಿ, ಬಿಸಿ ಇರುವಾಗಲೇ ಮಡಚುವುದನ್ನು ತೋರಿಸಿ. ವಾದ ಅಲ್ಲಿಗೆ ಮುಗಿಯುತ್ತದೆ, ನಾವೇ ಗೆದ್ದ ಹಾಗೆ. ಅವರಿಗೂ ಒಂದು ಹೊಯ್ಯಲು ಬಿಡಿ. ಹರಿಯುತ್ತದೆ, ಹರಿದದ್ದನ್ನು ತುಪ್ಪ ಹಾಕಿ ತಿನ್ನಬಹುದು.

ರಿಯೂನಿಯನ್ ದ್ವೀಪದವರು ಬಂದರೆ ಮಾತ್ರ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಕ್ಕೆ ಹೋಗಲೇಬೇಕು. ಯಾವುದಾದರೂ ತೋಟದಲ್ಲಿ ಈಗಲೂ ವೆನಿಲ್ಲಾ ಬಳ್ಳಿ ಸಿಗುತ್ತದೆ. ಮೆಕ್ಸಿಕೋದ ಈ ಬಳ್ಳಿ ರಿಯೂನಿಯನ್‌ನಲ್ಲಿ ಬೆಳೆಯುತ್ತಿತ್ತು, ಕಾಯಿ ಬಿಡುತ್ತಿರಲಿಲ್ಲ. 1841ರಲ್ಲಿ ಎಡ್ಮಂಡ್ ಆಲ್ಬಿಯುಸ್ ಅನ್ನುವ 12 ವರ್ಷದ ಗುಲಾಮ ಹುಡುಗ ಸಣ್ಣ ಕಡ್ಡಿಯಿಂದ ಹೂವಿನ ಒಳಪೊರೆ ಎತ್ತಿ ಹೆಬ್ಬೆರಳಲ್ಲಿ ಒತ್ತುವುದನ್ನು ಕಂಡುಹಿಡಿದ. ನಮ್ಮ ಹೆಗಡೇರು ಭಟ್ಟರು ಬೆಳಿಗ್ಗೆ ಎದ್ದು ಅಡಿಕೆ ಮರದ ಬುಡದಲ್ಲಿ ಮಾಡಿದ್ದು ಅದೇ ಕೆಲಸ, ಅದೇ ಕಡ್ಡಿ, ಅದೇ ಹೆಬ್ಬೆರಳು. 2003ರ ಸುಮಾರಿಗೆ ಬೆಲೆ ಮುಗಿಲು ಮುಟ್ಟಿ, ಜನ ರಾತ್ರಿ ತೋಟ ಕಾದು, ಆಮೇಲೆ ಬೆಲೆ ನೆಲಕ್ಕೆ ಬಿದ್ದ ಕಥೆಯನ್ನು ತೋಟದವರ ಬಾಯಲ್ಲೇ ಕೇಳಿಸಿ, ನೀವು ಪಕ್ಕದಲ್ಲಿ ಕೂತು ಇಂಗ್ಲಿಷೋ ಫ್ರೆಂಚೋ ಬಂದಷ್ಟು ಹೇಳಿ. ನಗುತ್ತಲೇ ಹೇಳುತ್ತಾರೆ, ಈಗ.

ಕಾರವಾರಕ್ಕೆ ಒಂದು ಸಂಜೆ ಸಾಕು ಅಂದರೆ ಕಾರವಾರದವರು ಬೈಯುತ್ತಾರೆ, ಆದರೂ ಹೇಳುತ್ತೇನೆ, ಸಂಜೆಯೇ ಒಳ್ಳೆಯದು. ಟಾಗೋರ್ ಹೆಸರು ಅವರಿಗೂ ಗೊತ್ತಿರುತ್ತದೆ. 22ರ ಹರೆಯದಲ್ಲಿ ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಬಂದು ಇದೇ ದಂಡೆಯಲ್ಲಿ ಓಡಾಡಿದವರು ಅಂತ ಹೇಳಿ, ಕಾಳಿ ನದಿ ಸಮುದ್ರ ಸೇರುವ ಜಾಗ ತೋರಿಸಿ. ಭರತ ಇಳಿತದ ಬಡಾಯಿ ಮಾತ್ರ ಬೇಡ. ನಮ್ಮಲ್ಲಿ ಎರಡು ಮೀಟರ್ ಆಚೀಚೆ, ಅವರ ಬ್ರಿಟನಿಯ ಸೇಂ ಮಾಲೋ ಬಂದರಿನಲ್ಲಿ 12 ಮೀಟರಿಗೂ ಮೇಲೆ ಏರುತ್ತದೆ.

ಕೆಲವು ಬೇಜಾರಿನ ಕೆಲಸಗಳೂ ಇವೆ, ತಪ್ಪಿಸಬೇಡಿ. ವಿದೇಶಿಯರು ನಿಮ್ಮ ಮನೆಯಲ್ಲಿ ಉಳಿದರೂ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರು ಉಳಿದ ವಿವರದ ಫಾರ್ಮ್ III (2025ರವರೆಗೆ ಫಾರ್ಮ್ ಸಿ ಅನ್ನುತ್ತಿದ್ದದ್ದು) ತುಂಬಬೇಕು, ಹೋಟೆಲಿಗೆ ಮಾತ್ರ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಟ್ರೆಕ್ಕಿಂಗ್ ಹುಚ್ಚಿನವರ ಬ್ಯಾಗಲ್ಲಿ ಸ್ಯಾಟಲೈಟ್ ಫೋನ್ ಇರುತ್ತದೆ, ಭಾರತದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ, ಬರುವ ಮುಂಚೆಯೇ ಹೇಳಿಬಿಡಿ. ಕಾರವಾರದ ನೌಕಾನೆಲೆ ಕಡೆ ಕ್ಯಾಮೆರಾ, ಡ್ರೋನ್ ಎತ್ತುವ ಹಾಗಿಲ್ಲ. ಯಾವ ದೇವಸ್ಥಾನಕ್ಕೆ ಹೋಗುವುದಾದರೂ ವಿದೇಶಿಯರನ್ನು ಎಲ್ಲಿವರೆಗೆ ಬಿಡುತ್ತಾರೆ ಅಂತ ನೀವು ಮೊದಲೇ ವಿಚಾರಿಸಿ, ಬಾಗಿಲಲ್ಲಿ ನಿಂತು ವಾದ ಮಾಡುವುದು ಬೇಡ.

ಹೊರಡುವಾಗ ಡಬ್ಬಿ ಕಟ್ಟದೇ ಕಳಿಸುವ ಜನ ನಾವಲ್ಲ, ಗೊತ್ತು. ಆದರೆ ಯುರೋಪಿಗೆ ಹೋಗುವವರಾದರೆ ಕರಿಈಶಾಡ ಮಾವು ಕೊಡಬೇಡಿ, ಹಣ್ಣಿಗೆ ಸರ್ಟಿಫಿಕೇಟ್ ಕೇಳುತ್ತಾರೆ, ಇಲ್ಲೇ ತಿನ್ನಿಸಿ. ಹಾಲಿನ ಪದಾರ್ಥವೂ ಇಲ್ಲ, ಹಾಗಾಗಿ ತುಪ್ಪ, ಪೇಡೆ ಬೇಡ. ತೆಂಗಿನಕಾಯಿಗೆ ಮಾತ್ರ ಅಡ್ಡಿಯಿಲ್ಲ, ಬೇಕಾದರೆ ಸುಲಿದು ಕೊಡಿ. ಸಾಣಿಕಟ್ಟೆಯ ಉಪ್ಪು, ಒಣಗಿದ ಮುರುಗಲ ಸಿಪ್ಪೆ ಒಳ್ಳೆಯದು. ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟೇ ಕೊಡುತ್ತೇನೆ ಅಂತ ಹಠ ಹಿಡಿದರೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಮುಚ್ಚಳಕ್ಕೆ ಟೇಪ್ ಹೊಡೆದು, ಕೈಚೀಲದಲ್ಲಿ ಅಲ್ಲ, ಕೆಳಗೆ ಹೋಗುವ ದೊಡ್ಡ ಸೂಟ್‌ಕೇಸಿನ ನಡುವೆ ಇಡಿಸಿ. ಬಿಳಿ ಅಂಗಿಗಳಿಂದ ದೂರ.