ಫ್ಲ್ಯಾಟಿಗೆ ಕೊಡೋ ದುಡ್ಡಲ್ಲಿ ನೆಲ ಎಷ್ಟು?

ಕನಕಪುರ ರಸ್ತೆಯ ಹದಿನಾಲ್ಕು ಮಹಡಿಯ ಟವರಿನಲ್ಲಿ ಎರಡು ಬೆಡ್‌ರೂಮಿನ ರೀಸೇಲ್ ಫ್ಲ್ಯಾಟ್, 82 ಲಕ್ಷ. ಬ್ರೋಕರ್ ಬಾಲ್ಕನಿಗೆ ಕರ್ಕೊಂಡು ಹೋಗಿ ಮೆಟ್ರೋ ತೋರಿಸಿದ. "ತಗೊಂಡು ಬಾಡಿಗೆಗೆ ಬಿಡಿ ಸಾರ್, ಸಾಲ ತಾನೇ ತೀರುತ್ತೆ."

ಆ ರಾತ್ರಿ ಮಗಳ ಗಣಿತದ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಲೆಕ್ಕ ಹಾಕಿದೆ. ಸ್ಟಾಂಪ್ ಡ್ಯೂಟಿ ಸೆಸ್ಸು, ಸರ್‌ಚಾರ್ಜು ಸೇರಿ ನೂರಕ್ಕೆ 5.6. ರಿಜಿಸ್ಟ್ರೇಷನ್ ಶುಲ್ಕ 2025ರ ಆಗಸ್ಟ್ ಕೊನೆಗೆ ಒಂದರಿಂದ ಎರಡಕ್ಕೆ ಏರಿದೆ. ಬೀಗದಕೈ ಸಿಗೋ ಹೊತ್ತಿಗೆ 88 ಲಕ್ಷ ದಾಟುತ್ತೆ. ಮೇಂಟೆನೆನ್ಸ್ ಸೇರಿ ಬಾಡಿಗೆ 25,000. ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ ಹಿಡಿದೆ. ಮೇಂಟೆನೆನ್ಸಿಗೆ ತಿಂಗಳಿಗೆ 3,800ರಂತೆ ಕಳೆದು, ಕಂದಾಯ, ರಿಪೇರಿ ಅಂತ 20,000 ತೆಗೆದರೆ ವರ್ಷಕ್ಕೆ ಉಳಿಯೋದು 2.09 ಲಕ್ಷ. ನೂರಕ್ಕೆ ಎರಡೂವರೆಯೂ ಇಲ್ಲ! ಬ್ಯಾಂಕು ಕೇಳ್ತಿದ್ದ ಬಡ್ಡಿ ಎಂಟೂವರೆ. ಸಾಲ ಎಲ್ಲಿಂದ ತೀರಬೇಕು?

ಬಾಡಿಗೆ ಹೋಗಲಿ, ಬೆಲೆ ಏರುತ್ತಲ್ಲ ಅಂತ ಮೈದುನ ವಾದ ಮಾಡಿದ. ಏರೋದು ನೆಲ, ಕಟ್ಟಡಕ್ಕೆ ವರ್ಷ ವರ್ಷ ವಯಸ್ಸಾಗುತ್ತೆ. ಹಾಗಾಗಿ ಹಳೇ ಕ್ರಯಪತ್ರದ ಪ್ರತಿ ತರಿಸಿ ಕಟ್ಟಡದ ನೆಲದಲ್ಲಿ ಆ ಮನೆಗೆ ಸೇರೋ ಅವಿಭಜಿತ ಪಾಲು, ಅಂದ್ರೆ ಯುಡಿಎಸ್, ಹುಡುಕಿದೆ. 1,180 ಚದರಡಿ ಅಂತ ಮಾರ್ತಿದ್ದ ಮನೆಗೆ ನೆಲದ ಪಾಲು 340 ಅಡಿ. ಟೇಪ್ ಹಿಡಿದು ಗೋಡೆಯಿಂದ ಗೋಡೆಗೆ ಅಳೆದರೆ ಒಳಗೆ 790. ಉಳಿದದ್ದು ಲಿಫ್ಟು, ಮೆಟ್ಟಿಲು, ನಾನು ಯಾವತ್ತೂ ಇಳಿಯದ ಈಜುಕೊಳ.

ಇನ್ನೊಂದು ಸಲ ಬೆಳಿಗ್ಗೆ ಆರಕ್ಕೇ, ಬ್ರೋಕರ್‌ಗೆ ಹೇಳದೆ ಹೋದೆ. ಗೇಟಿನ ಹತ್ತಿರ ಮೂರು ಟ್ಯಾಂಕರ್ ಸಾಲಾಗಿ ನಿಂತಿದ್ವು, ಪೈಪಿನ ಜೋಡಣೆಯಿಂದ ನೀರು ಸೋರಿ ರಸ್ತೆಯೆಲ್ಲ ಕೆಸರು. "ಕಾವೇರಿ ಬರಲ್ವಾ?" ಅಂದೆ. ವಾಚ್‌ಮನ್ ನಕ್ಕು, "ಬರ್ತದೆ ಸಾರ್, ಪೇಪರಲ್ಲಿ" ಅಂದ. ಟ್ಯಾಂಕರ್ ನೀರಿನ ದುಡ್ಡೂ ಸೇರಿದ್ರೆ ಮೇಂಟೆನೆನ್ಸ್ ಅಷ್ಟಕ್ಕೆ ನಿಲ್ಲಲ್ಲ ಅಂತ, 3,800 ಅಂತ ಬರೆದಿದ್ದ ಸಾಲನ್ನು ಅಲ್ಲೇ ಹೊಡೆದು ಹಾಕಿದೆ.

ಏಳು ತಿಂಗಳು ಅಲೆದು ಕೊನೆಗೆ ಉತ್ತರಹಳ್ಳಿ ಕಡೆ, ಹನ್ನೆರಡೇ ಮನೆಗಳಿರೋ ಹದಿನೆಂಟು ವರ್ಷದ ಕಟ್ಟಡದಲ್ಲಿ 64 ಲಕ್ಷಕ್ಕೆ ತಗೊಂಡೆ. ಯುಡಿಎಸ್ 590 ಅಡಿ. ವಾಸಕ್ಕೆ ಯೋಗ್ಯ ಅನ್ನೋ ಪ್ರಮಾಣಪತ್ರ, ಅಂದ್ರೆ ಓಸಿ ಇದೆ, ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಖಾತಾ ಇದೆ, ಆಸ್ತಿ ಮೇಲಿನ ಸಾಲ, ವಹಿವಾಟು ತೋರಿಸೋ ಇಸಿಯನ್ನು ವಕೀಲರಿಗೆ ತೋರಿಸಿದ್ದಾಯ್ತು. ಬಾಡಿಗೆಗೆ ಬಿಟ್ಟಿಲ್ಲ, ನಾವೇ ಇದೀವಿ. ಲಿಫ್ಟು ಮಾತ್ರ ಇಲ್ಲ. ಅಮ್ಮ ತರಕಾರಿ ಚೀಲ ಹಿಡಿದು ಎರಡನೇ ಮಹಡಿ ಹತ್ತಿ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಕೇಳ್ತಾರೆ: "ಎಷ್ಟು ಅಡಿ ಅಂದೆ ನಿನ್ನ ನೆಲ?"