‘ಹೊಟ್ಟೆನೋವು’ ಅಂದರೆ ಈಗ ಸುಮ್ನೆ ಬಿಡುವುದಿಲ್ಲ

ಸಿರುಗುಪ್ಪ ತಾಲೂಕಿನ ಒಂದು ಊರಲ್ಲಿ ನಾನು ಆಶಾ ಕಾರ್ಯಕರ್ತೆ. ನಮ್ಮ ಕಡೆ ಯಾರಾದರೂ ಆತ್ಮಹತ್ಯೆ ಮಾಡಿಕೊಂಡರೆ ಮನೆಯವರು ಹೇಳುವುದು ಒಂದೇ ಮಾತು: ‘ಹೊಟ್ಟೆನೋವು ತಾಳಲಿಲ್ಲ.’ ಊರೂ ಹಾಗೇ ಅನ್ನುತ್ತದೆ. ಮನೆಯಲ್ಲಿ ಮದುವೆಗೆ ಬಂದ ಮಗಳಿರುತ್ತಾಳೆ, ಅಲ್ವಾ? ನಾನೂ ಎಷ್ಟೋ ಸಲ ತಲೆಯಾಡಿಸಿ ಬಂದಿದ್ದೇನೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಬಿದ್ದಿದ್ದ ದಿನಗಳು. ನಮ್ಮ ಓಣಿಯ ಒಬ್ಬರು ಕಟ್ಟೆಗೆ ಬರುವುದು ಬಿಟ್ಟರು. ಸಾಲ ಒಂದೇ ಅಲ್ಲ, ನಿದ್ದೆ ಇಲ್ಲ, ಕುಡಿತ ಜಾಸ್ತಿ. ‘ನಂದೇನೈತೆ, ಮುಗೀತು’ ಅನ್ನುತ್ತಿದ್ದರಂತೆ. ಹೆಂಡತಿ ಬಂದು, ‘ಯಕ್ಕಾ, ಯಾರಿಗೂ ಹೇಳಬ್ಯಾಡ, ಪೊಲೀಸ್ ಕೇಸ್ ಆಗ್ತೈತೆ’ ಅಂದಳು. ಮಾತಾಡಿದ್ದಕ್ಕೆ ಎಂಥ ಕೇಸು? ಆತ್ಮಹತ್ಯೆಗೆ ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ.

ಹೋದವಳೇ ತಪ್ಪು ಮಾಡಿದೆ. ‘ಮಕ್ಕಳ ಮುಖ ನೋಡ್ರಿ, ಧೈರ್ಯ ತಗೊಳ್ರಿ’ ಅಂದೆ. ಅವರು ಗೋಡೆ ಕಡೆ ತಿರುಗಿದರು. ಮರುದಿನ ನೇರವಾಗಿ ಕೇಳಿದೆ: ‘ಅಣ್ಣಾ, ಸಾಯಬೇಕು ಅನ್ನಿಸ್ತೈತಾ?’ ಗಂಟಲು ಒಣಗಿತ್ತು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅಂತ ಊರು ನಂಬಿದೆ. ತರಬೇತಿಯಲ್ಲಿ ಕಲಿತದ್ದು ಅದಕ್ಕೆ ಉಲ್ಟಾ. ಅವರು ಟವೆಲ್ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ‘ಹೂಂ’ ಅಂದರು. ಆಮೇಲೆ ಒಂದು ತಾಸು ಅವರೇ ಮಾತಾಡಿದರು.

ಅವತ್ತೇ ಹೊಲಕ್ಕೆ ಹೊಡೆಯುವ ಎಣ್ಣೆ ಡಬ್ಬಿಗಳು ಅವರ ಅಣ್ಣನ ಮನೆಗೆ ಹೋದವು. ಬೀಗದ ಕೈ ಅತ್ತಿಗೆ ಹತ್ತಿರ. ಆ ಕೆಟ್ಟ ಗಳಿಗೆ ದಾಟಿಸುವುದೇ ದೊಡ್ಡ ಕೆಲಸ. ರಾತ್ರಿ ಯಾರಾದರೂ ಜೊತೆಗೆ ಮಲಗಬೇಕು ಅಂತ ಹೇಳಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಗೋಡೆ ಮೇಲೆ ಬರೆದೆ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ.

ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆ ನೋಡುವ ಮನೋಚೈತನ್ಯ ಕ್ಲಿನಿಕ್‌ಗೆ ಹೊರಟಾಗ ಅವರ ಅವ್ವ ಅಡ್ಡ ನಿಂತಳು. ‘ನನ್ನ ಮಗ ಹುಚ್ಚನಾ? ತಾಯತ ಕಟ್ಟಿಸೀನಿ, ಸಾಕು.’ ತಾಯತದ ಜೊತೆ ನಾನು ಜಗಳ ಆಡುವುದಿಲ್ಲ. ‘ಅದೂ ಇರಲಿ ಅವ್ವಾ, ಮಾತ್ರೆನೂ ಇರಲಿ’ ಅಂದೆ. ತಮಾಷೆ ನೋಡಿ, 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಜಿಲ್ಲೆ ಮಟ್ಟದ ಮಾನಸಿಕ ಆರೋಗ್ಯ ಸೇವೆಯನ್ನು ಮೊದಲು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲೇ. ನಮ್ಮ ಓಣಿಗೆ ಮಾತ್ರ ಅದಿನ್ನೂ ‘ಹುಚ್ಚರ ಡಾಕ್ಟರ್’.

ಅವರು ಈಗ ಕಟ್ಟೆಗೆ ಬರುತ್ತಾರೆ. ಸಾಲ ಇನ್ನೂ ಇದೆ.

ಮೊನ್ನೆ ಆಚೆ ಓಣಿಯ ಅಜ್ಜಿ ತಡೆದು ನಿಲ್ಲಿಸಿದಳು. ‘ನಮ್ಮ ಸೊಸೆಗೆ ಹೊಟ್ಟೆನೋವು ಕಣವ್ವಾ.’

‘ಯಾವ ಹೊಟ್ಟೆನೋವು?’ ಅಂದೆ.

ಅಜ್ಜಿ ಬಾಗಿಲು ಮುಂದೆ ಮಾಡಿ, ಚಾಪೆ ಹಾಸಿದಳು.