ತೊಗರಿ ಫೋಟೋಗಳಿಗೆ ಹೆಸರಿಟ್ಟು ಕೆಟ್ಟೆ, ಹೆಸರು ಕಿತ್ತು ಬದುಕಿದೆ

ಗಿಡದ ರೋಗ ಗುರುತಿಸಲು ಕಂಪ್ಯೂಟರ್ ಮಾಡೆಲ್ಲಿಗೆ ಕಲಿಸುವ ಹದಿಮೂರು ಸಾವಿರ ಚಿಲ್ಲರೆ ತೊಗರಿ ಫೋಟೋಗಳನ್ನು ಹೋದ ತಿಂಗಳು ಹೊಸ ಲ್ಯಾಪ್‌ಟಾಪಿಗೆ ಹಾಕಿದೆ. ಯಾವ ಫೋಟೋದಲ್ಲಿ ಯಾವ ರೋಗ ಅನ್ನುವ ಲೇಬಲ್ ಒಂದೂ ಕಳಚಲಿಲ್ಲ. "ಫೈಲ್ ಹೆಸರಿಗ್ಯಾಕ ಇಷ್ಟ್ ತಲಿ ಕೆಡಿಸ್ಕೋತಿ ದೋಸ್ತ, ಮಾಡೆಲ್ ನೋಡ್ಕೋ" ಎಂದು ಎರಡು ವರ್ಷ ನಕ್ಕ ಗೆಳೆಯನೇ ಈಗ ಹೆಸರಿಡುವ ನನ್ನ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಕೇಳುತ್ತಿದ್ದಾನೆ.

ಮೊದಲ ಹಂಗಾಮು ಪೂರ್ತಿ ಹಾಳು. ಆಳಂದಕ್ಕೆ ಒಂದು ಫೋನ್, ಚಿತ್ತಾಪುರಕ್ಕೆ ಒಂದು. ಎರಡರಲ್ಲೂ ಐಎಂಜಿ_0412 ಅನ್ನುವ ಹೆಸರಿನ ಫೋಟೋ ಇತ್ತು. ರಾತ್ರಿ ನಿದ್ದೆಗಣ್ಣಲ್ಲಿ ಒಂದೇ ಫೋಲ್ಡರಿಗೆ ಸುರಿದು "ಎಲ್ಲ ರಿಪ್ಲೇಸ್" ಒತ್ತಿದೆ. ಆರುನೂರು ಫೋಟೋ ಹೋದವು. ಹೆಚ್ಚಿನವು ಗೊಡ್ಡು ರೋಗದವು. ಮತ್ತೆ ಹೋಗೋಣವೆಂದರೆ, ಸುತ್ತಲಿನ ಗಿಡ ಹಳದಿ ಹೂ ಬಿಟ್ಟು ಗೊಡ್ಡು ಗಿಡ ಮಾತ್ರ ಬರೀ ಎಲೆ ಹೊತ್ತು ನಿಂತಾಗಲೇ ಅದು ದೂರದಿಂದ ಕಣ್ಣಿಗೆ ಬೀಳೋದು. ಆ ದಿನಗಳು ಮುಗಿದಿದ್ದವು. ಪೆಟ್ರೋಲ್, ಹುಡುಗರ ಕೂಲಿ ಸೇರಿ ಒಂಬತ್ತು ಸಾವಿರ ನೀರುಪಾಲು.

ಮರುವರ್ಷ ಜಾಣನಾದೆ ಅಂದುಕೊಂಡು ತಾಲೂಕು, ತಳಿ, ರೋಗ, ತಾರೀಖು ಎಲ್ಲವನ್ನೂ ಹೆಸರಿಗೇ ತುಂಬಿದೆ. ನೋಡೋಕೆ ಚೆಂದ. ಆಮೇಲೆ ಬೆಳೆ ಬಲ್ಲವರೊಬ್ಬರು ಕೂತು ನೋಡಿ, ನಾವು ಗೊಡ್ಡು ಅಂದಿದ್ದ ಮುನ್ನೂರರಷ್ಟು ಫೋಟೋ ಗಿಡ ಬಾಡಿ ಒಣಗುವ ನೆಟೆ ರೋಗದ್ದು ಅಂದರು. ಹೆಸರು ಬದಲಿಸಿದರೆ ಲೇಬಲ್ ಫೈಲಿನ ಕೊಂಡಿ ತಪ್ಪುತ್ತದೆ, ಬದಲಿಸದಿದ್ದರೆ ಹೆಸರೇ ಸುಳ್ಳು ಹೇಳುತ್ತದೆ. ಅದರ ಮೇಲೆ ಕನ್ನಡದಲ್ಲಿ ಹೆಸರಿಡುವ ಹುಚ್ಚು ಬೇರೆ. ಮ್ಯಾಕ್‌ನಿಂದ ಜಿಪ್ ಆಗಿ ಬಂದ "ರೋಗ"ಕ್ಕೂ ನನ್ನ "ರೋಗ"ಕ್ಕೂ ಹೊಂದಿಕೆಯೇ ಆಗಲಿಲ್ಲ. ಕಣ್ಣಿಗೆ ಒಂದೇ, ಆದರೆ ಕಂಪ್ಯೂಟರಿನ ಒಳಗೆ ಅಲ್ಲಿ ಓತ್ವ ಮೂರು ತುಂಡಾಗಿತ್ತು, ನನ್ನಲ್ಲಿ ಒಂದೇ ಚಿಹ್ನೆ. ಮೂರು ದಿನ ತಿಂದಿತು.

ಈಗ ಹೆಸರಿಗೆ ಅರ್ಥವೇ ಇಲ್ಲ. ಮೂಲ ಫೈಲಿನ ಎಸ್‌ಎಚ್‌ಎ-256, ಅಂದರೆ ಫೈಲಿನ ಒಳಗಿರುವುದರಿಂದಲೇ ಲೆಕ್ಕ ಹಾಕುವ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು (ಹ್ಯಾಶ್), ಅದರ ಮೊದಲ 16 ಅಕ್ಷರ, ಅಷ್ಟೇ. ತಿರುಗಿಸುವ, ಕುಗ್ಗಿಸುವ ಮೊದಲೇ ಲೆಕ್ಕ ಹಾಕಬೇಕು, ಮೂಲ ಫೋಲ್ಡರಿಗೆ ಬೀಗ. ಹಳೆ ಹೆಸರು, ಹೊಲ, ಗಿಡದ ನಂಬರ್, ಲೇಬಲ್ ಎಲ್ಲ ಪುಟ್ಟ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ನಲ್ಲಿ. ಲೇಬಲ್ ತಿದ್ದಿದರೆ ಹೊಸ ಸಾಲು, ಹಳೆಯದನ್ನು ಅಳಿಸುವುದಿಲ್ಲ. ಮೊದಮೊದಲು 8 ಅಕ್ಷರ ಸಾಕೆಂದಿದ್ದೆ. ನಡುವೆ ಒಂದು "ಇ", ಉಳಿದದ್ದೆಲ್ಲ ಅಂಕಿ ಇದ್ದವನ್ನು ಎಕ್ಸೆಲ್ ದೊಡ್ಡ ಸಂಖ್ಯೆ ಅಂತ ತಿಳಿದು ನುಂಗಿತು. ಅಂದಿನಿಂದ ಹೆಸರಿನ ಮೊದಲಿಗೆ ಒಂದು "ಟಿ" ಅಂಟಿಸುತ್ತೇನೆ.

ರೈತರು ವಾಟ್ಸಾಪಿನಲ್ಲಿ ಕಳಿಸಿದ್ದೇ ದೊಡ್ಡ ತಲೆನೋವು. ಹೆಸರು ಬದಲು, ಜಾಗದ ಗುರುತು ಮಾಯ, ಮತ್ತೆ ಕುಗ್ಗಿದ ಫೋಟೋ ಅಂದಮೇಲೆ ಹ್ಯಾಶೂ ಬೇರೆ. "ಅಣ್ಣಾ, ಡಾಕ್ಯುಮೆಂಟ್ ಅಂತ ಕಳಸ್ರೀ" ಎಂದು ಹತ್ತು ಸಲ ಹೇಳಿದರೆ ಇಬ್ಬರು ಕೇಳುತ್ತಾರೆ. ಉಳಿದವಕ್ಕೆ, ನೋಡಲು ಒಂದೇ ಥರ ಇರುವ ಚಿತ್ರಗಳಿಗೆ ಹತ್ತಿರದ ಗುರುತು ಕೊಡುವ ಪರ್ಸೆಪ್ಚುಯಲ್ ಹ್ಯಾಶ್ ಹಾಕಿ ಜೋಡಿ ಹುಡುಕಿದೆ. ಆಗಲೇ ಗೊತ್ತಾಗಿದ್ದು: ಒಂದೇ ಗಿಡದ ಫೋಟೋಗಳು ಮಾಡೆಲ್ಲಿಗೆ ಕಲಿಸುವ ಟ್ರೈನ್‌ನಲ್ಲೂ ಇವೆ, ಅದನ್ನು ಪರೀಕ್ಷಿಸುವ ಟೆಸ್ಟ್‌ನಲ್ಲೂ ಇವೆ. ಗಿಡದ ಪ್ರಕಾರ ಬೇರ್ಪಡಿಸಿದ ಮೇಲೆ ಶೇಕಡಾ 95ರ ಆಸುಪಾಸಿನ ನಿಖರತೆ 82ಕ್ಕೆ ಬಿತ್ತು. ಎದೆ ಧಸಕ್ಕೆಂದಿತು, ಆದರೆ ಹೊಲದಲ್ಲಿ ಸಿಗುತ್ತಿದ್ದದ್ದೂ ಅಷ್ಟೇ.

ಹೊಲದಲ್ಲಿ ಗಿಡಕ್ಕೆ ನಂಬರ್ ಹೇಗೆ ಹಾಕಿಸುತ್ತೇನೆ, ಜೋಡಿ ಹಿಡಿಯುವ ಮಿತಿ ಎಷ್ಟು, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡು ಅದು. ಈ ವಾರ ಬೀದರ್‌ನಿಂದ ಸೋಯಾ ಫೋಟೋ ಬಂದಿವೆ, ಪಟ್ಟಿಗೆ ಸೇರಿಸಿದ್ದು "ಬೆಳೆ" ಅನ್ನುವ ಒಂದೇ ಕಾಲಂ.